ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಪೂರಕ ಆರೈಕೆ: ವ್ಯಾಯಾಮ ಮತ್ತು ಗಿಡಮೂಲಿಕೆ ಉತ್ಪನ್ನಗಳು

ರೋಗಿಗಳು ಹಾಗೂ ಅವರ ಕುಟುಂಬದವರ ಮಾಹಿತಿಗಾಗಿ

1. ಪೀಠಿಕೆ

ಭಾರತದ ಮಹಿಳೆಯರಲ್ಲಿ ಅತಿ ಹೆಚ್ಚಾಗಿ ಕಂಡುಬರುವ ಕ್ಯಾನ್ಸರ್ ಎಂದರೆ ಸ್ತನ ಕ್ಯಾನ್ಸರ್. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ, 2022ನೇ ಸಾಲಿನಲ್ಲಿ ದೇಶದಲ್ಲಿ ಸುಮಾರು 1.92 ಲಕ್ಷ ಮಹಿಳೆಯರಿಗೆ ಈ ರೋಗವು ಹೊಸದಾಗಿ ತಗುಲಿದ್ದು, ಸುಮಾರು 98 ಸಾವಿರ ಮಂದಿ ಇದರಿಂದ ಮೃತಪಟ್ಟಿದ್ದಾರೆ. ಆರಂಭದ ಹಂತದಲ್ಲಿಯೇ ಪತ್ತೆಯಾಗಿ, ಚಿಕಿತ್ಸೆಯು ಕ್ರಮಬದ್ಧವಾಗಿ ಪೂರ್ಣಗೊಂಡಲ್ಲಿ ಹೆಚ್ಚಿನ ಮಹಿಳೆಯರು ಗುಣಮುಖರಾಗುತ್ತಾರೆ.

ರೋಗ ಪತ್ತೆಯಾದ ದಿನದಿಂದಲೇ ರೋಗಿಗೆ ನೆಂಟರಿಷ್ಟರಿಂದ, ನೆರೆಹೊರೆಯವರಿಂದ ಸಾಮಾನ್ಯವಾಗಿ ಎರಡು ಬಗೆಯ ಸಲಹೆಗಳು ದೊರೆಯುತ್ತವೆ. ಮೊದಲನೆಯದು, ಮೈ ಆಡಿಸದೆ ಪೂರ್ಣ ವಿಶ್ರಾಂತಿ ಪಡೆಯಬೇಕು, ಕೈ ಎತ್ತಬಾರದು, ಭಾರ ಮುಟ್ಟಬಾರದು ಎಂಬುದು. ಎರಡನೆಯದು, ಯಾವುದಾದರೊಂದು ಕಷಾಯ, ಚೂರ್ಣ ಅಥವಾ ಎಲೆಯ ರಸವನ್ನು ಸೇವಿಸಬೇಕು, ಗಿಡಮೂಲಿಕೆಯಾದ್ದರಿಂದ ಅದರಿಂದ ಹಾನಿಯೇನೂ ಇಲ್ಲ ಎಂಬುದು. ಎರಡೂ ಸದುದ್ದೇಶದಿಂದಲೇ ನೀಡುವ ಸಲಹೆಗಳು. ಆದರೆ ಇಂದು ಲಭ್ಯವಿರುವ ವೈದ್ಯಕೀಯ ಆಧಾರಗಳು ಇವೆರಡನ್ನೂ ಸಮರ್ಥಿಸುವುದಿಲ್ಲ. ಅಪಾಯಕಾರಿ ಎಂದು ಭಾವಿಸಲಾದ ವ್ಯಾಯಾಮವು ಬಹುತೇಕ ರೋಗಿಗಳಿಗೆ ಸುರಕ್ಷಿತವೂ ಪ್ರಯೋಜನಕಾರಿಯೂ ಆಗಿದೆ. ನಿರಪಾಯಕಾರಿ ಎಂದು ಭಾವಿಸಲಾದ ಗಿಡಮೂಲಿಕೆ ಉತ್ಪನ್ನಗಳಲ್ಲಿ ಕೆಲವು ಮುಖ್ಯ ಚಿಕಿತ್ಸೆಗೆ ಅಡ್ಡಿಯುಂಟುಮಾಡಬಲ್ಲವು. ಈ ಕುರಿತು ರೋಗಿಗಳು ತಿಳಿದಿರಬೇಕಾದ ವಿಷಯಗಳನ್ನು ಇಲ್ಲಿ ನೀಡಲಾಗಿದೆ.

2. ಮುಖ್ಯ ಚಿಕಿತ್ಸೆ ಮತ್ತು ಪೂರಕ ಆರೈಕೆ

ಶಸ್ತ್ರಚಿಕಿತ್ಸೆ, ಕೀಮೋಥೆರಪಿ, ವಿಕಿರಣ ಚಿಕಿತ್ಸೆ, ಹಾರ್ಮೋನು ಚಿಕಿತ್ಸೆ ಹಾಗೂ ಗಡ್ಡೆಯ ಗುಣಲಕ್ಷಣವನ್ನು ಆಧರಿಸಿ ನೀಡುವ ಟ್ರಾಸ್ಟುಜುಮ್ಯಾಬ್‌ನಂತಹ ಔಷಧಗಳು ಸ್ತನ ಕ್ಯಾನ್ಸರ್‌ನ ಮುಖ್ಯ ಚಿಕಿತ್ಸೆಗಳಾಗಿವೆ. ರೋಗದ ಹಂತ ಮತ್ತು ಬಗೆಯನ್ನು ಅನುಸರಿಸಿ ಇವುಗಳಲ್ಲಿ ಒಂದನ್ನು ಅಥವಾ ಹಲವನ್ನು ಕ್ಯಾನ್ಸರ್ ತಜ್ಞರು ನಿಗದಿಪಡಿಸುತ್ತಾರೆ.

ಪೂರಕ ಆರೈಕೆ ಎಂದರೆ ಮುಖ್ಯ ಚಿಕಿತ್ಸೆಯನ್ನು ತಾಳಿಕೊಳ್ಳಲು, ಆಯಾಸ, ನೋವು, ವಾಕರಿಕೆ, ನಿದ್ರಾಹೀನತೆ ಹಾಗೂ ಆತಂಕವನ್ನು ತಗ್ಗಿಸಲು ಮತ್ತು ದೈನಂದಿನ ಜೀವನಕ್ಕೆ ಮರಳಲು ನೆರವಾಗುವ ಕ್ರಮಗಳು. ಪೂರಕ ಆರೈಕೆಯು ಮುಖ್ಯ ಚಿಕಿತ್ಸೆಯೊಂದಿಗೆ ಸಾಗತಕ್ಕದ್ದೇ ಹೊರತು ಅದರ ಸ್ಥಾನವನ್ನು ತುಂಬತಕ್ಕದ್ದಲ್ಲ.

ಈ ವ್ಯತ್ಯಾಸವು ರೋಗಿಯ ಪ್ರಾಣಕ್ಕೆ ಸಂಬಂಧಿಸಿದ್ದಾಗಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ದಾಖಲೆಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರಲ್ಲಿ, ಗುಣಪಡಿಸಬಹುದಾದ ಹಂತದಲ್ಲಿದ್ದಾಗ ಮುಖ್ಯ ಚಿಕಿತ್ಸೆಯನ್ನು ಕೈಬಿಟ್ಟು ಪರ್ಯಾಯ ಪದ್ಧತಿಗಳನ್ನು ಮಾತ್ರ ಆಯ್ದುಕೊಂಡ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯವು ಚಿಕಿತ್ಸೆ ಪಡೆದವರಿಗಿಂತ 5 ಪಟ್ಟಿಗೂ ಅಧಿಕವಾಗಿತ್ತು. ಆರು ತಿಂಗಳು ಔಷಧಿ ಸೇವಿಸಿ ನೋಡಿ, ಗುಣವಾಗದಿದ್ದರೆ ಆಸ್ಪತ್ರೆಗೆ ಹೋಗೋಣ ಎಂದು ಕಾಯುವ ಅವಧಿಯಲ್ಲಿ ಗಡ್ಡೆಯು ಕಂಕುಳಿನ ಗ್ರಂಥಿಗಳಿಗೂ, ಅಲ್ಲಿಂದ ಮೂಳೆ, ಶ್ವಾಸಕೋಶ ಮತ್ತು ಯಕೃತ್ತಿಗೂ ಹರಡುವ ಸಂಭವವಿರುತ್ತದೆ.

3. ವ್ಯಾಯಾಮ

3.1 ವ್ಯಾಯಾಮದಿಂದಾಗುವ ಪ್ರಯೋಜನಗಳು

ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ಆಯಾಸವು ಸಾಮಾನ್ಯ ದಣಿವಿನಂತಲ್ಲ. ಎಷ್ಟು ಮಲಗಿದರೂ ಅದು ಕಳೆಯುವುದಿಲ್ಲ. ಸದಾ ಮಲಗಿರುವುದರಿಂದ ಸ್ನಾಯುಗಳು ಕ್ಷೀಣಿಸಿ ಆಯಾಸವು ಮತ್ತಷ್ಟು ಹೆಚ್ಚುತ್ತದೆ. ಅಮೆರಿಕದ ಕ್ರೀಡಾ ವೈದ್ಯಶಾಸ್ತ್ರ ಸಂಸ್ಥೆಯು ಹಲವು ದೇಶಗಳ ತಜ್ಞರನ್ನು ಸೇರಿಸಿ 2019ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ, ಕ್ರಮಬದ್ಧ ವ್ಯಾಯಾಮದಿಂದ ಆಯಾಸ, ಆತಂಕ ಮತ್ತು ಖಿನ್ನತೆ ತಗ್ಗುತ್ತವೆ ಹಾಗೂ ದೈಹಿಕ ಸಾಮರ್ಥ್ಯ ಮತ್ತು ಜೀವನದ ಗುಣಮಟ್ಟ ಉತ್ತಮಗೊಳ್ಳುತ್ತವೆ ಎಂಬುದಕ್ಕೆ ಬಲವಾದ ಆಧಾರಗಳಿವೆ. ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘವು 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ, ಗುಣಪಡಿಸುವ ಉದ್ದೇಶದ ಚಿಕಿತ್ಸೆ ನಡೆಯುತ್ತಿರುವ ಅವಧಿಯಲ್ಲಿಯೂ ವ್ಯಾಯಾಮ ಮಾಡುವಂತೆ ಸೂಚಿಸಬೇಕೆಂದು ವೈದ್ಯರಿಗೆ ಶಿಫಾರಸು ಮಾಡಲಾಗಿದೆ.

ಅನಾಸ್ಟ್ರಜೋಲ್, ಲೆಟ್ರೋಜೋಲ್ ಮುಂತಾದ ಹಾರ್ಮೋನು ಮಾತ್ರೆಗಳನ್ನು ಸೇವಿಸುವ ಅನೇಕ ಮಹಿಳೆಯರು ಕೀಲುನೋವಿನ ಕಾರಣದಿಂದ ಮಾತ್ರೆಯನ್ನು ಅರ್ಧಕ್ಕೇ ನಿಲ್ಲಿಸುವುದುಂಟು. 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಂತಹ 121 ಮಹಿಳೆಯರ ಪೈಕಿ ಒಂದು ವರ್ಷ ಕಾಲ ನಡಿಗೆ ಮತ್ತು ಸ್ನಾಯು ಬಲವರ್ಧನೆಯ ವ್ಯಾಯಾಮ ಮಾಡಿದವರಲ್ಲಿ ಕೀಲುನೋವು ಗಣನೀಯವಾಗಿ ತಗ್ಗಿದ್ದು ಕಂಡುಬಂದಿದೆ. ನೋವು ಸಹ್ಯವಾದಲ್ಲಿ ಮಾತ್ರೆಯನ್ನು ನಿಗದಿತ ಅವಧಿಯವರೆಗೆ ಮುಂದುವರಿಸಲು ಸಾಧ್ಯವಾಗುತ್ತದೆ. ಇದೇ ಪೂರಕ ಆರೈಕೆಯ ನಿಜವಾದ ಉದ್ದೇಶ.

ವ್ಯಾಯಾಮವು ಆಯುಷ್ಯವನ್ನು ಹೆಚ್ಚಿಸುವುದೇ ಎಂಬ ಪ್ರಶ್ನೆ ಸಹಜ. ಅಮೆರಿಕದ ಸುಮಾರು 3,000 ಮಂದಿ ಸ್ತನ ಕ್ಯಾನ್ಸರ್‌ಗೆ ಒಳಗಾದ ದಾದಿಯರನ್ನು ಕುರಿತು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 3ರಿಂದ 5 ಗಂಟೆಗಳ ನಡಿಗೆಗೆ ಸಮನಾದ ಚಟುವಟಿಕೆ ಇದ್ದವರಲ್ಲಿ ಮರಣ ಪ್ರಮಾಣವು ಕಡಿಮೆ ಇತ್ತು. ಇದು ಆಶಾದಾಯಕ ಸಂಗತಿ. ಆದರೆ ಹೆಚ್ಚು ಆರೋಗ್ಯವಂತರೇ ಹೆಚ್ಚು ನಡೆಯುತ್ತಿದ್ದಿರಬಹುದಾದ ಕಾರಣ, ಇಂತಹ ಅಧ್ಯಯನದಿಂದ ವ್ಯಾಯಾಮವೇ ಕಾರಣವೆಂದು ನಿಶ್ಚಿತವಾಗಿ ಹೇಳಲಾಗದು. ವ್ಯಾಯಾಮವನ್ನು ಕ್ಯಾನ್ಸರ್ ಗುಣಪಡಿಸುವ ಔಷಧವೆಂದು ಭಾವಿಸತಕ್ಕದ್ದಲ್ಲ.

3.2 ಎಷ್ಟು ಮತ್ತು ಹೇಗೆ

(ಅ) ವಾರಕ್ಕೆ ಕನಿಷ್ಠ 3 ದಿನ, ದಿನಕ್ಕೆ 30 ನಿಮಿಷಗಳಂತೆ ಮಧ್ಯಮ ವೇಗದ ನಡಿಗೆ ಅಥವಾ ಅದಕ್ಕೆ ಸಮನಾದ ವ್ಯಾಯಾಮ ಮಾಡುವುದು. ನಡೆಯುವಾಗ ಜೊತೆಯವರೊಡನೆ ಮಾತನಾಡಲು ಸಾಧ್ಯವಾಗಿ, ಹಾಡಲು ಮಾತ್ರ ಉಸಿರು ಸಾಲದಂತಿದ್ದರೆ ಅದು ಮಧ್ಯಮ ವೇಗವೆಂದು ತಿಳಿಯಬೇಕು.

(ಆ) ವಾರಕ್ಕೆ 2 ದಿನ ಸ್ನಾಯು ಬಲವರ್ಧನೆಯ ವ್ಯಾಯಾಮ ಮಾಡುವುದು. ಕುರ್ಚಿಯಿಂದ ಕೈಯೂರದೆ ಎದ್ದು ಕುಳಿತುಕೊಳ್ಳುವುದು, ಗೋಡೆಗೆ ಅಂಗೈ ಊರಿ ದೂಡುವುದು, ಅರ್ಧ ಲೀಟರ್ ನೀರಿನ ಬಾಟಲಿಯನ್ನು ನಿಧಾನವಾಗಿ ಎತ್ತಿ ಇಳಿಸುವುದು ಇವೇ ಮೊದಲಾದವನ್ನು ಮನೆಯಲ್ಲಿಯೇ ಮಾಡಬಹುದಾಗಿದೆ.

(ಇ) ಇದುವರೆಗೆ ವ್ಯಾಯಾಮದ ಅಭ್ಯಾಸವಿಲ್ಲದವರು ದಿನಕ್ಕೆ 5 ಅಥವಾ 10 ನಿಮಿಷಗಳ ನಡಿಗೆಯಿಂದ ಆರಂಭಿಸಿ ವಾರದಿಂದ ವಾರಕ್ಕೆ ಹೆಚ್ಚಿಸಿಕೊಳ್ಳಬೇಕು. ಅಂಗಳದಲ್ಲಿ ಅಥವಾ ಮನೆಯ ಜಗಲಿಯಲ್ಲಿ ನಡೆದರೂ ಅದು ನಡಿಗೆಯೇ ಆಗಿರುತ್ತದೆ.

(ಈ) ಕೀಮೋಥೆರಪಿ ಪಡೆದ ಮೊದಲ ಕೆಲವು ದಿನಗಳಲ್ಲಿ ಶಕ್ತಿ ಕುಂದುವುದು ಸಾಮಾನ್ಯ. ಆ ದಿನಗಳಲ್ಲಿ ಪ್ರಮಾಣವನ್ನು ಕಡಿಮೆ ಮಾಡಬೇಕೇ ಹೊರತು ಅಭ್ಯಾಸವನ್ನು ಸಂಪೂರ್ಣ ಬಿಡುವ ಅಗತ್ಯವಿಲ್ಲ.

(ಉ) ಚಿಕಿತ್ಸೆ ಮುಗಿದ ನಂತರ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿರುವಂತೆ ವಾರಕ್ಕೆ ಒಟ್ಟು 150ರಿಂದ 300 ನಿಮಿಷಗಳ ಮಧ್ಯಮ ವೇಗದ ಚಟುವಟಿಕೆಯನ್ನು ಗುರಿಯಾಗಿರಿಸಿಕೊಳ್ಳಬಹುದಾಗಿದೆ.

3.3 ಶಸ್ತ್ರಚಿಕಿತ್ಸೆಯ ನಂತರ ತೋಳಿನ ವ್ಯಾಯಾಮ

ಶಸ್ತ್ರಚಿಕಿತ್ಸೆಯ ನಂತರ ನೋವಿನ ಭಯದಿಂದ ತೋಳನ್ನು ಎದೆಗೆ ಅವಚಿಕೊಂಡೇ ಇದ್ದಲ್ಲಿ ಭುಜವು ಗಟ್ಟಿಯಾಗುತ್ತದೆ. ಮುಂದೆ ರವಿಕೆ ತೊಡುವುದು, ತಲೆ ಬಾಚುವುದು, ಬಟ್ಟೆ ಒಣಹಾಕುವುದು ಸಹ ಕಷ್ಟವಾಗುತ್ತದೆ. ವಿಕಿರಣ ಚಿಕಿತ್ಸೆಯ ವೇಳೆ ಕೈಯನ್ನು ತಲೆಯ ಮೇಲೆ ಇರಿಸಿಕೊಂಡು ಅಲುಗಾಡದೆ ಮಲಗಬೇಕಾಗಿರುವುದರಿಂದ, ಭುಜ ಬಿಗಿದಿದ್ದರೆ ಆ ಚಿಕಿತ್ಸೆಯೂ ವಿಳಂಬವಾಗಬಹುದು.

ಬೆರಳುಗಳನ್ನು ಮಡಚಿ ಬಿಡಿಸುವುದು, ಮೊಣಕೈ ಮಡಚುವುದು ಮುಂತಾದ ಲಘು ಚಲನೆಗಳನ್ನು ವೈದ್ಯರ ಒಪ್ಪಿಗೆಯಂತೆ ಶಸ್ತ್ರಚಿಕಿತ್ಸೆಯ ಮರುದಿನದಿಂದಲೇ ಆರಂಭಿಸಬಹುದು. ಗೋಡೆಯ ಮೇಲೆ ಬೆರಳುಗಳನ್ನು ಹಂತಹಂತವಾಗಿ ಮೇಲಕ್ಕೆ ಸರಿಸುವುದು, ಕೈಯನ್ನು ಭುಜಕ್ಕಿಂತ ಮೇಲೆ ಎತ್ತುವುದು ಮುಂತಾದವನ್ನು ಗಾಯದ ಸ್ಥಿತಿ ಮತ್ತು ಅಳವಡಿಸಿರುವ ಕೊಳವೆಯನ್ನು ನೋಡಿಕೊಂಡು ಯಾವಾಗ ಆರಂಭಿಸಬೇಕೆಂಬುದನ್ನು ಶಸ್ತ್ರಚಿಕಿತ್ಸಕರು ಅಥವಾ ಫಿಸಿಯೋಥೆರಪಿ ತಜ್ಞರು ತಿಳಿಸುತ್ತಾರೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಮುನ್ನ ಈ ವ್ಯಾಯಾಮಗಳನ್ನು ತೋರಿಸಿಕೊಡುವಂತೆ ರೋಗಿಗಳು ಕೇಳಿಕೊಳ್ಳಬೇಕು.

3.4 ಕೈ ಬಾವು ಮತ್ತು ಭಾರ ಎತ್ತುವಿಕೆ

ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆದಾಗ ಅಥವಾ ಆ ಭಾಗಕ್ಕೆ ವಿಕಿರಣ ನೀಡಿದಾಗ, ದ್ರವವು ಸರಾಗವಾಗಿ ಹರಿಯದೆ ತೋಳಿನಲ್ಲಿ ನಿಂತು ಬಾವು ಬರುವ ಸಾಧ್ಯತೆಯಿದೆ. ಈ ಕಾರಣದಿಂದ ಆ ಕೈಯಲ್ಲಿ ಎಂದೆಂದಿಗೂ ಭಾರ ಎತ್ತಬಾರದೆಂಬ ಸಲಹೆ ಹಿಂದೆ ರೂಢಿಯಲ್ಲಿತ್ತು. ಬಾವು ಇದ್ದ 141 ಮಹಿಳೆಯರನ್ನು ಒಳಗೊಂಡು 2009ರಲ್ಲಿ ಪ್ರಕಟವಾದ ಅಧ್ಯಯನವು ಈ ಅಭಿಪ್ರಾಯವನ್ನು ಬದಲಿಸಿತು. ತರಬೇತುದಾರರ ಮೇಲ್ವಿಚಾರಣೆಯಲ್ಲಿ ಅತಿ ಕಡಿಮೆ ತೂಕದಿಂದ ಆರಂಭಿಸಿ ನಿಧಾನವಾಗಿ ಭಾರ ಹೆಚ್ಚಿಸಿಕೊಂಡವರಲ್ಲಿ ಬಾವು ಹೆಚ್ಚಲಿಲ್ಲ. ಬದಲಿಗೆ ಬಾವು ಉಲ್ಬಣಿಸುವ ಸಂದರ್ಭಗಳು ಕಡಿಮೆಯಾದವು ಮತ್ತು ತೋಳಿನ ಬಲ ಹೆಚ್ಚಿತು.

ಇದರರ್ಥ ಮನೆಗೆ ಬಂದ ವಾರದಲ್ಲಿಯೇ ತುಂಬಿದ ಬಿಂದಿಗೆಯನ್ನು ಎತ್ತಬಹುದೆಂದಲ್ಲ. ಭಾರವು ಹಂತಹಂತವಾಗಿ ಹೆಚ್ಚಬೇಕು ಎಂಬುದೇ ಇಲ್ಲಿ ಮುಖ್ಯ. ಹೊಲಗದ್ದೆ, ತೋಟ, ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವ ಮಹಿಳೆಯರು ಕೆಲಸಕ್ಕೆ ಮರಳುವ ಮುನ್ನ ಫಿಸಿಯೋಥೆರಪಿ ತಜ್ಞರ ಸಲಹೆ ಪಡೆಯಬೇಕು. ಆ ಕೈಗೆ ಮುಳ್ಳು, ಕುಡುಗೋಲು ತಾಗದಂತೆ ಕೈಗವಸು ಧರಿಸುವುದು, ಸಣ್ಣ ಗಾಯವಾದರೂ ತೊಳೆದು ಔಷಧ ಹಚ್ಚುವುದು ಅವಶ್ಯ. ಬಳೆ ಅಥವಾ ಉಂಗುರ ಬಿಗಿಯಾಗುತ್ತಿರುವುದು ಬಾವಿನ ಮೊದಲ ಸೂಚನೆಯಾಗಿರಬಹುದು.

3.5 ಯೋಗ

ಯೋಗ ಮತ್ತು ಧ್ಯಾನವು ಚಿಕಿತ್ಸೆಯ ಅವಧಿಯಲ್ಲಿನ ಆತಂಕ ಮತ್ತು ಆಯಾಸವನ್ನು ತಗ್ಗಿಸಲು ನೆರವಾಗುತ್ತವೆ. ಈ ವಿಷಯದಲ್ಲಿ ಬೆಂಗಳೂರಿನಲ್ಲಿಯೇ ಸಂಶೋಧನೆ ನಡೆದಿದೆ. ಇಲ್ಲಿ ಕೀಮೋಥೆರಪಿ ಪಡೆಯುತ್ತಿದ್ದ 62 ಮಂದಿ ಸ್ತನ ಕ್ಯಾನ್ಸರ್ ರೋಗಿಗಳನ್ನು ಕುರಿತ ಅಧ್ಯಯನವು 2007ರಲ್ಲಿ ಪ್ರಕಟವಾಗಿದ್ದು, ಯೋಗಾಭ್ಯಾಸ ಮಾಡಿದವರಲ್ಲಿ ವಾಕರಿಕೆಯ ತೀವ್ರತೆ ಕಡಿಮೆ ಇದ್ದುದು ಅದರಲ್ಲಿ ದಾಖಲಾಗಿದೆ. ವಾಂತಿ ನಿವಾರಕ ಔಷಧದ ಜೊತೆಗೆ ಯೋಗವನ್ನು ಅನುಸರಿಸಬೇಕೇ ಹೊರತು ಔಷಧದ ಬದಲಿಗಲ್ಲ. ಶೀರ್ಷಾಸನ, ಕೈಗಳ ಮೇಲೆ ಪೂರ್ಣ ಭಾರ ಬೀಳುವ ಆಸನಗಳು ಹಾಗೂ ಬೆನ್ನನ್ನು ಬಲವಾಗಿ ತಿರುಚುವ ಆಸನಗಳನ್ನು ತಜ್ಞರ ಅನುಮತಿಯಿಲ್ಲದೆ ಮಾಡತಕ್ಕದ್ದಲ್ಲ.

3.6 ವ್ಯಾಯಾಮಕ್ಕೆ ಮುನ್ನ ವೈದ್ಯರ ಅನುಮತಿ ಅಗತ್ಯವಿರುವ ಸಂದರ್ಭಗಳು

- ಕ್ಯಾನ್ಸರ್ ಮೂಳೆಗಳಿಗೆ ಹರಡಿರುವಾಗ ಅಥವಾ ಮೂಳೆಗಳು ಸವೆದಿರುವಾಗ
- ಹೃದಯದ ತೊಂದರೆ ಇರುವಾಗ, ಅಥವಾ ಹೃದಯದ ಮೇಲೆ ಪರಿಣಾಮ ಬೀರಬಲ್ಲ ಡಾಕ್ಸೋರುಬಿಸಿನ್, ಟ್ರಾಸ್ಟುಜುಮ್ಯಾಬ್ ಮುಂತಾದ ಔಷಧಗಳನ್ನು ಪಡೆಯುತ್ತಿರುವಾಗ
- ತೀವ್ರ ರಕ್ತಹೀನತೆ ಇರುವಾಗ ಅಥವಾ ಪ್ಲೇಟ್‌ಲೆಟ್ ಸಂಖ್ಯೆ ಬಹಳ ಕಡಿಮೆ ಇರುವಾಗ
- ಪಾದಗಳಲ್ಲಿ ಜೋಮು ಇದ್ದು ನಡೆಯುವಾಗ ಆಯ ತಪ್ಪುತ್ತಿರುವಾಗ
- ಜ್ವರ, ಭೇದಿ, ಹೊಸದಾಗಿ ಕಾಣಿಸಿಕೊಂಡ ಎದೆನೋವು, ಉಸಿರಾಟದ ತೊಂದರೆ ಅಥವಾ ಕಾಲಿನ ಊತ ಇರುವಾಗ

4. ಗಿಡಮೂಲಿಕೆ ಉತ್ಪನ್ನಗಳು

4.1 ಅಡುಗೆಯ ಪದಾರ್ಥ ಬೇರೆ, ಸಾಂದ್ರ ಸಾರ ಬೇರೆ

ಸಾರು, ಪಲ್ಯ, ಚಟ್ನಿಗಳಲ್ಲಿ ಬಳಸುವ ಅರಿಶಿನ, ಮೆಣಸು, ಬೆಳ್ಳುಳ್ಳಿ, ಶುಂಠಿ, ಮೆಂತ್ಯಗಳನ್ನು ಎಂದಿನ ಪ್ರಮಾಣದಲ್ಲಿ ಸೇವಿಸಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಈ ಪುಟದಲ್ಲಿನ ಎಚ್ಚರಿಕೆಗಳು ಮಾತ್ರೆ, ಕ್ಯಾಪ್ಸೂಲು, ಚೂರ್ಣ, ಅರಿಷ್ಟ, ಕಷಾಯ ಮತ್ತು ಸಾಂದ್ರ ಸಾರಗಳ ರೂಪದಲ್ಲಿ ಪ್ರತಿದಿನ ಸೇವಿಸುವ ಉತ್ಪನ್ನಗಳಿಗೆ ಅನ್ವಯಿಸುತ್ತವೆ. ಒಂದು ಕ್ಯಾಪ್ಸೂಲಿನಲ್ಲಿರುವ ಅರಿಶಿನದ ಸಾರವು ಇಡೀ ಕುಟುಂಬದ ದಿನದ ಅಡುಗೆಯಲ್ಲಿರುವುದಕ್ಕಿಂತಲೂ ಅಧಿಕವಾಗಿರಬಹುದು.

ಗಿಡಮೂಲಿಕೆಗಳಲ್ಲಿ ಕ್ಯಾನ್ಸರ್ ಮೇಲೆ ಪರಿಣಾಮ ಬೀರುವ ಅಂಶಗಳಿಲ್ಲವೆಂದು ಇಲ್ಲಿ ಹೇಳುತ್ತಿಲ್ಲ. ಸ್ತನ ಕ್ಯಾನ್ಸರ್‌ಗೆ ಇಂದು ವ್ಯಾಪಕವಾಗಿ ನೀಡುತ್ತಿರುವ ಪ್ಯಾಕ್ಲಿಟ್ಯಾಕ್ಸೆಲ್ ಔಷಧವು ಮೊದಲು ದೊರೆತದ್ದು ಅಮೆರಿಕದ ಯೂ ಎಂಬ ಮರದ ತೊಗಟೆಯಿಂದ. ಆದರೆ ಆ ತೊಗಟೆಯ ಅಂಶವನ್ನು ಬೇರ್ಪಡಿಸಿ, ಶುದ್ಧೀಕರಿಸಿ, ಪ್ರಮಾಣವನ್ನು ನಿರ್ಧರಿಸಿ, ರೋಗಿಗಳ ಮೇಲಿನ ಪರೀಕ್ಷೆಗಳ ನಂತರವೇ 1990ರ ದಶಕದಲ್ಲಿ ಬಳಕೆಗೆ ತರಲಾಯಿತು. ಆ ಮರದ ಎಲೆ, ತೊಗಟೆಗಳನ್ನು ಹಾಗೆಯೇ ಸೇವಿಸುವುದು ವಿಷಕಾರಿಯಾಗಿದೆ. ಗಿಡದಲ್ಲಿ ಔಷಧವಿರುವುದು ಬೇರೆ, ಗಿಡವೇ ಔಷಧವಾಗುವುದು ಬೇರೆ.

4.2 ತೊಂದರೆ ಉಂಟಾಗುವ ಬಗೆ

(ಅ) ಔಷಧದ ಪ್ರಮಾಣದಲ್ಲಿ ಏರುಪೇರು: ಅನೇಕ ಕ್ಯಾನ್ಸರ್ ಔಷಧಗಳು ಯಕೃತ್ತಿನಲ್ಲಿ ರೂಪಾಂತರ ಹೊಂದುತ್ತವೆ. ಕೆಲವು ಗಿಡಮೂಲಿಕೆಗಳು ಈ ಕಾರ್ಯವನ್ನು ನಿಧಾನಗೊಳಿಸಿ ಅಥವಾ ತೀವ್ರಗೊಳಿಸಿ, ರಕ್ತದಲ್ಲಿನ ಔಷಧದ ಪ್ರಮಾಣವು ಅಪಾಯಕಾರಿಯಾಗಿ ಹೆಚ್ಚುವಂತೆ ಅಥವಾ ನಿರುಪಯುಕ್ತವಾಗುವಷ್ಟು ಕುಸಿಯುವಂತೆ ಮಾಡಬಲ್ಲವು.

(ಆ) ಯಕೃತ್ತಿನ ಊತ: ಯಕೃತ್ತಿಗೆ ಪೆಟ್ಟಾದಲ್ಲಿ ಕೀಮೋಥೆರಪಿಯನ್ನು ಮುಂದೂಡಬೇಕಾಗುತ್ತದೆ ಅಥವಾ ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.

(ಇ) ರಕ್ತಸ್ರಾವ: ಬೆಳ್ಳುಳ್ಳಿಯ ಕ್ಯಾಪ್ಸೂಲು, ಗಿಂಕೊ, ಜಿನ್‌ಸೆಂಗ್ ಮುಂತಾದವು ರಕ್ತ ಹೆಪ್ಪುಗಟ್ಟುವುದನ್ನು ನಿಧಾನಗೊಳಿಸಬಲ್ಲವು. ಶಸ್ತ್ರಚಿಕಿತ್ಸೆಯ ದಿನ ನಿಗದಿಯಾದ ಕೂಡಲೇ ಇವುಗಳ ಸೇವನೆಯನ್ನು ವೈದ್ಯರಿಗೆ ತಿಳಿಸಬೇಕು.

(ಈ) ಹಾರ್ಮೋನಿನಂತಹ ಪರಿಣಾಮ: ಕೆಲವು ಸಸ್ಯಗಳಲ್ಲಿ ಈಸ್ಟ್ರೋಜೆನ್ ಹೋಲುವ ಅಂಶಗಳಿವೆ. ಹಾರ್ಮೋನಿಗೆ ಸ್ಪಂದಿಸುವ ಬಗೆಯ ಸ್ತನ ಕ್ಯಾನ್ಸರ್ ಇರುವವರು ಇವುಗಳ ಸಾಂದ್ರ ಸಾರವನ್ನು ಸೇವಿಸಬಾರದು.

(ಉ) ಸೋಂಕು: ಕೀಮೋಥೆರಪಿಯಿಂದ ಬಿಳಿ ರಕ್ತಕಣಗಳು ಕಡಿಮೆಯಾದಾಗ, ಕಾಯಿಸದೆ ಕುಡಿಯುವ ಹಸಿ ಎಲೆಯ ರಸಗಳಿಂದ ಸೋಂಕು ತಗುಲಬಹುದು.

(ಊ) ಭಾರ ಲೋಹಗಳು: ಅಮೆರಿಕದ ಬಾಸ್ಟನ್ ಪ್ರದೇಶದ ಅಂಗಡಿಗಳಲ್ಲಿ ಖರೀದಿಸಿದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದ 2004ರ ವರದಿಯಲ್ಲಿ 14 ಉತ್ಪನ್ನಗಳಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತ್ತು.

4.3 ಸಾಮಾನ್ಯವಾಗಿ ಬಳಸುವ ಕೆಲವು ಉತ್ಪನ್ನಗಳು

ಅರಿಶಿನದ ಸಾರ (ಕರ್ಕ್ಯುಮಿನ್): ಟ್ಯಾಮೋಕ್ಸಿಫೆನ್ ಮಾತ್ರೆಯು ಯಕೃತ್ತಿನಲ್ಲಿ ಎಂಡಾಕ್ಸಿಫೆನ್ ಎಂಬ ರೂಪಕ್ಕೆ ಬದಲಾಗಿ ತನ್ನ ಕೆಲಸ ಮಾಡುತ್ತದೆ. ನೆದರ್‌ಲ್ಯಾಂಡ್ಸ್‌ನಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಒಂದು ಸಣ್ಣ ಗುಂಪಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಂತೆ, ಮಾತ್ರೆಯ ಜೊತೆಗೆ ಕರ್ಕ್ಯುಮಿನ್ ಸೇವಿಸಿದಾಗ ರಕ್ತದಲ್ಲಿನ ಎಂಡಾಕ್ಸಿಫೆನ್ ಪ್ರಮಾಣ ತಗ್ಗಿತು. ಕರಿಮೆಣಸಿನ ಸಾರವನ್ನೂ ಸೇರಿಸಿದಾಗ ಸುಮಾರು ಶೇ. 12ರಷ್ಟು ತಗ್ಗಿತು. ಟ್ಯಾಮೋಕ್ಸಿಫೆನ್ ಸೇವಿಸುವವರು ಈ ಕ್ಯಾಪ್ಸೂಲುಗಳನ್ನು ಬಳಸದಿರುವುದು ಕ್ಷೇಮ.

ಅಶ್ವಗಂಧ: ಆಯಾಸ ತಗ್ಗಿಸುವುದೆಂದು ಹೇಳುವ ಸಣ್ಣ ಅಧ್ಯಯನಗಳಿವೆಯಾದರೂ ಅವು ನಿರ್ಣಾಯಕವಲ್ಲ. ಭಾರತವೂ ಸೇರಿದಂತೆ ಹಲವು ದೇಶಗಳಿಂದ ಯಕೃತ್ತಿನ ತೊಂದರೆಯ ಪ್ರಕರಣಗಳು ವರದಿಯಾಗಿವೆ. ಥೈರಾಯ್ಡ್ ಹಾರ್ಮೋನಿನ ಮೇಲೂ ಪರಿಣಾಮ ಬೀರಬಲ್ಲದು.

ಅಮೃತಬಳ್ಳಿ: ಕೋವಿಡ್ ಅವಧಿಯಲ್ಲಿ ಇದರ ಬಳಕೆ ಬಹಳ ಹೆಚ್ಚಿತು. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಯಕೃತ್ತಿನ ಊತವನ್ನು ವರದಿ ಮಾಡಿದರು. ಕೇಂದ್ರ ಆಯುಷ್ ಸಚಿವಾಲಯವು ಈ ವರದಿಯನ್ನು ಒಪ್ಪದೆ, ಅದನ್ನೇ ಹೋಲುವ ಬೇರೆ ಬಳ್ಳಿಯ ಬಳಕೆಯಾಗಿರುವ ಸಾಧ್ಯತೆಯನ್ನು ಎತ್ತಿ ತೋರಿಸಿತು. ಬೇಲಿಯಿಂದ ಕಿತ್ತು ತಂದ ಬಳ್ಳಿ ಯಾವುದೆಂದು ನಿಶ್ಚಯವಿಲ್ಲದಿರುವುದೇ ಒಂದು ಅಪಾಯವೆಂಬುದನ್ನು ರೋಗಿಗಳು ಗಮನಿಸಬೇಕು.

ಶತಾವರಿ ಹಾಗೂ ಸೋಯಾ ಸಾರ: ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರ್ ಇರುವವರು ಶತಾವರಿಯ ಚೂರ್ಣ, ಲೇಹ್ಯ ಮತ್ತು ಸೋಯಾ ಕ್ಯಾಪ್ಸೂಲುಗಳನ್ನು ತಜ್ಞರನ್ನು ಕೇಳದೆ ಸೇವಿಸತಕ್ಕದ್ದಲ್ಲ. ಆಹಾರವಾಗಿ ಮಿತ ಪ್ರಮಾಣದಲ್ಲಿ ಸೋಯಾ ಕಾಳು ಬಳಸಲು ಅಡ್ಡಿಯಿಲ್ಲ.

ಜ್ಯೇಷ್ಠಮಧು: ಹೆಚ್ಚು ದಿನ ಸೇವಿಸಿದಲ್ಲಿ ರಕ್ತದೊತ್ತಡ ಏರಬಹುದು ಮತ್ತು ಪೊಟ್ಯಾಸಿಯಂ ಕುಸಿಯಬಹುದು.

ಲಕ್ಷ್ಮಣ ಫಲ: ಇದರ ಹಣ್ಣು ಮತ್ತು ಎಲೆ ಕ್ಯಾನ್ಸರ್ ಗುಣಪಡಿಸುವುದೆಂಬ ಪ್ರಚಾರಕ್ಕೆ ರೋಗಿಗಳ ಮೇಲಿನ ಪರೀಕ್ಷೆಗಳ ಆಧಾರವಿಲ್ಲ. ಇದರಲ್ಲಿರುವ ಅನೊನಾಸಿನ್ ಎಂಬ ಅಂಶವು ನರಗಳಿಗೆ ಹಾನಿಕರವೆಂದು ತಿಳಿದುಬಂದಿದೆ.

ಚಕ್ಕೋತ: ಪಾಲ್ಬೊಸಿಕ್ಲಿಬ್ ಮಾತ್ರೆ ಸೇವಿಸುವವರು ಗ್ರೇಪ್‌ಫ್ರೂಟ್ ಹಣ್ಣನ್ನು ತಿನ್ನಬಾರದೆಂದು ಆ ಔಷಧದ ಮಾಹಿತಿ ಪತ್ರದಲ್ಲಿ ಸೂಚಿಸಲಾಗಿದೆ. ಚಕ್ಕೋತವು ಅದಕ್ಕೆ ಹತ್ತಿರದ ಜಾತಿಯದಾಗಿದ್ದು, ಅದೇ ಬಗೆಯ ಅಂಶಗಳನ್ನು ಹೊಂದಿರುವುದರಿಂದ ವೈದ್ಯರನ್ನು ವಿಚಾರಿಸಬೇಕು.

ಜೀವಸತ್ವ ಹಾಗೂ ಇತರ ಪೂರಕಗಳು: ಗಿಡಮೂಲಿಕೆಯಲ್ಲದಿದ್ದರೂ ಇವುಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಕೈಕಾಲು ಜೋಮು ತಡೆಯಲೆಂದು ಅಸಿಟೈಲ್-ಎಲ್-ಕಾರ್ನಿಟಿನ್ ಎಂಬ ಪೂರಕವನ್ನು 409 ಮಹಿಳೆಯರಲ್ಲಿ ಪರೀಕ್ಷಿಸಿದಾಗ, ಅದನ್ನು ಸೇವಿಸಿದವರಲ್ಲಿಯೇ ಜೋಮು ಹೆಚ್ಚಾದುದು 2013ರಲ್ಲಿ ವರದಿಯಾಯಿತು. ಕೀಮೋಥೆರಪಿಯ ಅವಧಿಯಲ್ಲಿ ಉತ್ಕರ್ಷಣ ನಿರೋಧಕ ಪೂರಕಗಳನ್ನು ಸೇವಿಸಿದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚಿರಬಹುದೆಂದು 2020ರ ಅಧ್ಯಯನವೊಂದು ಸೂಚಿಸಿದೆ. ರಕ್ತ ಪರೀಕ್ಷೆಯ ಆಧಾರದಲ್ಲಿ ವೈದ್ಯರೇ ಬರೆದುಕೊಟ್ಟ ಕಬ್ಬಿಣ, ಕ್ಯಾಲ್ಸಿಯಂ ಅಥವಾ ಜೀವಸತ್ವ ‘ಡಿ’ ಮಾತ್ರೆಗಳನ್ನು ನಿಲ್ಲಿಸತಕ್ಕದ್ದಲ್ಲ.

4.4 ಖರೀದಿಸುವ ಮುನ್ನ ಗಮನಿಸಬೇಕಾದ ಅಂಶಗಳು

ಪರವಾನಗಿ ಪಡೆದ ಆಯುರ್ವೇದ ಔಷಧದ ಮೇಲೆ ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಹಾಗೂ ಘಟಕಗಳ ವಿವರ ಮುದ್ರಿತವಾಗಿರಬೇಕು. ಆಹಾರ ಪೂರಕಗಳ ಮೇಲೆ ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆ ಇರಬೇಕು. ಈ ಸಂಖ್ಯೆಯು ತಯಾರಕರು ಪರವಾನಗಿ ಹೊಂದಿದ್ದಾರೆಂಬುದನ್ನು ಮಾತ್ರ ತಿಳಿಸುತ್ತದೆ. ಉತ್ಪನ್ನವು ಕ್ಯಾನ್ಸರ್ ರೋಗಿಗೆ ಹಿತಕರವೆಂಬುದಕ್ಕೆ ಅದು ಪ್ರಮಾಣವಲ್ಲ. ಲೇಬಲ್ ಇಲ್ಲದ ಪೊಟ್ಟಣ, ಹೆಸರಿಲ್ಲದ ತೊಗಟೆ ಮತ್ತು ಪುಡಿಗಳನ್ನು ಸೇವಿಸತಕ್ಕದ್ದಲ್ಲ.

ಔಷಧಗಳು ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತುಗಳು) ಅಧಿನಿಯಮ, 1954ರ ಅನುಸೂಚಿಯಲ್ಲಿ ಕ್ಯಾನ್ಸರ್ ಸೇರಿದೆ. ಕ್ಯಾನ್ಸರ್ ಗುಣಪಡಿಸುವುದಾಗಿ ಸಾರ್ವಜನಿಕವಾಗಿ ಔಷಧದ ಜಾಹೀರಾತು ನೀಡುವುದು ಈ ಅಧಿನಿಯಮದಡಿ ನಿಷಿದ್ಧವಾಗಿದೆ. ಆದ್ದರಿಂದ ಅಂತಹ ಭರವಸೆಯೇ ಆ ಉತ್ಪನ್ನದ ಬಗ್ಗೆ ಸಂಶಯಪಡಲು ಸಾಕಷ್ಟು ಕಾರಣವಾಗಿದೆ.

5. ವೈದ್ಯರಿಗೆ ತಿಳಿಸಬೇಕಾದ ವಿಷಯಗಳು

ಬೈಯುತ್ತಾರೆಂಬ ಅಂಜಿಕೆಯಿಂದ ಅನೇಕರು ನಾಟಿ ಔಷಧ ಸೇವನೆಯನ್ನು ವೈದ್ಯರಿಂದ ಮರೆಮಾಚುತ್ತಾರೆ. ರಕ್ತ ಪರೀಕ್ಷೆಯಲ್ಲಿ ಯಕೃತ್ತಿನ ಏರುಪೇರು ಕಂಡಾಗ ಅದರ ಕಾರಣ ತಿಳಿಯದೆ ವೈದ್ಯರು ಅಗತ್ಯವಾದ ಕ್ಯಾನ್ಸರ್ ಔಷಧವನ್ನೇ ನಿಲ್ಲಿಸುವ ಸಂದರ್ಭ ಬರಬಹುದು. ಆದ್ದರಿಂದ ಪ್ರತಿ ಭೇಟಿಯಲ್ಲಿ ಈ ಕೆಳಕಂಡ ವಿವರಗಳನ್ನು ಒಂದು ಹಾಳೆಯಲ್ಲಿ ಬರೆದು ತರುವುದು ಸೂಕ್ತ.

(1) ಸೇವಿಸುತ್ತಿರುವ ಪ್ರತಿಯೊಂದು ಮಾತ್ರೆ, ಚೂರ್ಣ, ಕಷಾಯ, ರಸ ಮತ್ತು ಪೂರಕದ ಹೆಸರು. ಸಾಧ್ಯವಾದಲ್ಲಿ ಅದರ ಡಬ್ಬಿ ಅಥವಾ ಪೊಟ್ಟಣ
(2) ಆರಂಭಿಸಿದ ದಿನಾಂಕ, ದಿನದ ಪ್ರಮಾಣ
(3) ನೀಡಿದವರು ನೋಂದಾಯಿತ ವೈದ್ಯರೇ ಅಲ್ಲವೇ ಎಂಬ ವಿವರ
(4) ಸೇವಿಸಿದ ನಂತರ ಕಂಡುಬಂದ ಬದಲಾವಣೆಗಳು

ಆಯುರ್ವೇದ ಚಿಕಿತ್ಸೆಯನ್ನು ಪಡೆಯಲಿಚ್ಛಿಸುವವರು ನೋಂದಾಯಿತ ಆಯುಷ್ ವೈದ್ಯರನ್ನು ಮಾತ್ರ ಕಂಡು, ಕ್ಯಾನ್ಸರ್ ಚಿಕಿತ್ಸೆಯ ದಾಖಲೆಗಳನ್ನು ಅವರಿಗೆ ತೋರಿಸಬೇಕು ಹಾಗೂ ಅವರು ಬರೆದುಕೊಟ್ಟ ಚೀಟಿಯನ್ನು ಕ್ಯಾನ್ಸರ್ ತಜ್ಞರಿಗೆ ತೋರಿಸಬೇಕು. ಔಷಧದ ಅಡ್ಡ ಪರಿಣಾಮಗಳನ್ನು ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ ಶುಲ್ಕರಹಿತ ದೂರವಾಣಿ 1800-180-3024ಕ್ಕೆ ಸಾರ್ವಜನಿಕರೂ ವರದಿ ಮಾಡಬಹುದಾಗಿದೆ.

6. ಸರ್ಕಾರಿ ಸೌಲಭ್ಯಗಳನ್ನು ಪಡೆಯುವ ವಿಧಾನ

(ಅ) ತಪಾಸಣೆ: 30 ವರ್ಷ ಮೀರಿದ ಮಹಿಳೆಯರು ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ತನ ತಪಾಸಣೆ ಮಾಡಿಸಿಕೊಳ್ಳಬಹುದು. ಗಂಟು, ಚರ್ಮದ ಸುಕ್ಕು, ಮೊಲೆತೊಟ್ಟಿನಿಂದ ರಕ್ತಸ್ರಾವ ಕಂಡುಬಂದಲ್ಲಿ ನೋವಿಲ್ಲದಿದ್ದರೂ ವಯಸ್ಸನ್ನು ಲೆಕ್ಕಿಸದೆ ಕೂಡಲೇ ತಪಾಸಣೆಗೆ ಒಳಗಾಗಬೇಕು.

(ಆ) ಚಿಕಿತ್ಸೆ: ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಮತ್ತು ಕಲಬುರಗಿಯಲ್ಲಿರುವ ಅದರ ಕೇಂದ್ರದಲ್ಲಿ ಚಿಕಿತ್ಸೆ ಲಭ್ಯವಿದೆ. ದೂರದ ಪ್ರಯಾಣವನ್ನು ತಪ್ಪಿಸುವ ಸಲುವಾಗಿ ಕೆಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಸೌಲಭ್ಯವನ್ನು 2025ರಲ್ಲಿ ಆರಂಭಿಸಲಾಗಿದೆ.

(ಇ) ಆರ್ಥಿಕ ನೆರವು: 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ, ಬಿಪಿಎಲ್ ಕುಟುಂಬಗಳಿಗೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಲಭ್ಯವಿದೆ. ಎಪಿಎಲ್ ಕುಟುಂಬಗಳಿಗೆ ನಿಗದಿತ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವಾರ್ಷಿಕ 1.5 ಲಕ್ಷ ರೂಪಾಯಿಗಳ ಮಿತಿಗೊಳಪಟ್ಟು ಭರಿಸಲಾಗುತ್ತದೆ.

(ಈ) ದಾಖಲೆಗಳು: ಪಡಿತರ ಚೀಟಿ, ಆಧಾರ್ ಕಾರ್ಡ್, ಬಯಾಪ್ಸಿ ಹಾಗೂ ಇತರ ಪರೀಕ್ಷಾ ವರದಿಗಳು ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಇಟ್ಟುಕೊಳ್ಳಬೇಕು. ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರು ಅರ್ಜಿ ಸಲ್ಲಿಕೆಗೆ ನೆರವಾಗುತ್ತಾರೆ.

(ಉ) ಫಿಸಿಯೋಥೆರಪಿ: ತೋಳಿನ ವ್ಯಾಯಾಮ ಮತ್ತು ಬಾವಿನ ನಿರ್ವಹಣೆಗಾಗಿ ಚಿಕಿತ್ಸೆ ನೀಡಿದ ವೈದ್ಯರಿಂದ ಚೀಟಿ ಪಡೆದು, ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗವನ್ನು ಸಂಪರ್ಕಿಸಬೇಕು.

7. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ವ್ಯಾಯಾಮ ಮಾಡಿದರೆ ರಕ್ತ ಸಂಚಾರ ಹೆಚ್ಚಿ ಕ್ಯಾನ್ಸರ್ ಹರಡುವುದೇ?
ಉತ್ತರ: ಇಲ್ಲ. ವ್ಯಾಯಾಮದಿಂದ ರೋಗ ಹರಡುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಪ್ರಶ್ನೆ: ದಿನವಿಡೀ ಮನೆಗೆಲಸ ಮಾಡುವವರು ಪ್ರತ್ಯೇಕ ವ್ಯಾಯಾಮ ಮಾಡಬೇಕೇ?
ಉತ್ತರ: ಮನೆಗೆಲಸವೂ ಚಟುವಟಿಕೆಯೇ ಆಗಿದೆ. ಆದರೆ ಬಿಡುವಿಲ್ಲದ ದುಡಿಮೆಯು ಆಯಾಸವನ್ನು ಹೆಚ್ಚಿಸುತ್ತದೆಯೇ ಹೊರತು ಉಸಿರು ಮತ್ತು ಸ್ನಾಯುಗಳಿಗೆ ಕ್ರಮಬದ್ಧ ಅಭ್ಯಾಸ ನೀಡುವುದಿಲ್ಲ. ಕುಟುಂಬದವರು ಮನೆಗೆಲಸದಲ್ಲಿ ಪಾಲು ವಹಿಸಿ, ರೋಗಿಗೆ ದಿನಕ್ಕೆ ಅರ್ಧ ಗಂಟೆಯ ನಡಿಗೆಗೆ ಅವಕಾಶ ಮಾಡಿಕೊಡಬೇಕು.

ಪ್ರಶ್ನೆ: ಈಗಾಗಲೇ ಗಿಡಮೂಲಿಕೆ ಸೇವಿಸುತ್ತಿದ್ದಲ್ಲಿ ಏನು ಮಾಡಬೇಕು?
ಉತ್ತರ: ಮುಂದಿನ ಕೀಮೋಥೆರಪಿ ಅಥವಾ ಶಸ್ತ್ರಚಿಕಿತ್ಸೆಗೆ ಮುನ್ನವೇ ವೈದ್ಯರಿಗೆ ತಿಳಿಸಬೇಕು. ಮುಖ್ಯ ಚಿಕಿತ್ಸೆಯ ಯಾವುದೇ ಔಷಧವನ್ನು ಸ್ವಂತ ನಿರ್ಧಾರದಿಂದ ನಿಲ್ಲಿಸತಕ್ಕದ್ದಲ್ಲ.

ಪ್ರಶ್ನೆ: ಪ್ಲೇಟ್‌ಲೆಟ್ ಹೆಚ್ಚಿಸಲು ಪಪ್ಪಾಯಿ ಎಲೆಯ ರಸ, ರಕ್ತ ಹೆಚ್ಚಿಸಲು ಗೋಧಿ ಹುಲ್ಲಿನ ರಸ ಕುಡಿಯಬಹುದೇ?
ಉತ್ತರ: ರಕ್ತಕಣಗಳು ಕುಸಿದಾಗ ಹಸಿ ರಸಗಳಿಂದ ಸೋಂಕಿನ ಅಪಾಯವಿದೆ. ರಕ್ತಕಣಗಳ ಕೊರತೆಗೆ ಆಸ್ಪತ್ರೆಯಲ್ಲಿ ನಿರ್ದಿಷ್ಟ ಚಿಕಿತ್ಸೆ ಇದೆ. ಇಂತಹ ರಸಗಳಿಗೆ ವ್ಯಯಿಸುವ ಹಣವನ್ನು ಬೇಳೆ, ಮೊಟ್ಟೆ, ಹಾಲು, ಬೇಯಿಸಿದ ಸೊಪ್ಪು ಮುಂತಾದ ಪೌಷ್ಟಿಕ ಆಹಾರಕ್ಕೆ ಬಳಸುವುದು ಉತ್ತಮ.

8. ತಡಮಾಡದೆ ಆಸ್ಪತ್ರೆಗೆ ಬರಬೇಕಾದ ಸಂದರ್ಭಗಳು

- ಕೀಮೋಥೆರಪಿಯ ಅವಧಿಯಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ ಅಥವಾ ಚಳಿನಡುಕ
- ಕಣ್ಣು, ಮೂತ್ರ ಹಳದಿಯಾಗುವುದು, ನಿಲ್ಲದ ವಾಂತಿ
- ಒಸಡು, ಮೂಗು ಅಥವಾ ಮಲದಲ್ಲಿ ರಕ್ತ
- ಎದೆನೋವು, ಉಸಿರಾಟದ ತೊಂದರೆ, ಒಂದೇ ಕಾಲಿನಲ್ಲಿ ಹಠಾತ್ ಊತ
- ಶಸ್ತ್ರಚಿಕಿತ್ಸೆಯಾದ ಬದಿಯ ತೋಳು ಕೆಂಪಾಗಿ, ಬಿಸಿಯಾಗಿ, ಬಾತುಕೊಳ್ಳುವುದು
- ಬೆನ್ನುನೋವಿನೊಂದಿಗೆ ಕಾಲುಗಳ ಬಲ ಕುಂದುವುದು

ತುರ್ತು ಸಂದರ್ಭದಲ್ಲಿ ಆಂಬ್ಯುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದಾಗಿದೆ. ಜ್ವರಕ್ಕೆ ಮನೆಮದ್ದು ಮಾಡಿಕೊಂಡು ಬೆಳಗಾಗುವವರೆಗೆ ಕಾಯತಕ್ಕದ್ದಲ್ಲ.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ ಇರುತ್ತದೆ. ಪ್ರತಿ ರೋಗಿಯ ಸ್ಥಿತಿಯು ಭಿನ್ನವಾಗಿರುವುದರಿಂದ, ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಯೇ ಅಂತಿಮವಾಗಿರುತ್ತದೆ.